ಶಾಲು ಬೇಡವೆಂದ ಕೆಮಿಸ್ಟ್ರಿ ಮೇಡಂ

ಕಳೆದ ತಿಂಗಳು ನಮ್ಮ ಅರಸೀಕೆರೆ ಕಾಲೇಜಿನ ಕೆಮಿಸ್ಟ್ರಿ ಮೇಡಂ ನಿವೃತ್ತರಾದರು. ಬೀಳ್ಕೊಡುಗೆಯ ದಿನ ಪ್ರಾಂಶುಪಾಲರು ಶಾಲು ಬಿಡಿಸಿಕೊಂಡು ಹತ್ತಿರ ಬಂದರೆ, ಈಯಮ್ಮ ಎರಡೂ ಕೈ ಅಡ್ಡ ಹಿಡಿದು, "ಶಾಲು ಬೇಡ ಸರ್. ಹಾರಾನೂ ಬೇಡ. ಹಣ್ಣಿನ ಬುಟ್ಟಿಯಂತೂ ನನ್ನ ಹತ್ತಿರಾನೇ ತರಬೇಡಿ. ಒಂದು ಲೋಟ ಕಾಫಿ ಕೊಡಿಸಿ, ಕುಡಿದು ಹೋಗ್ತೀನಿ" ಅಂದುಬಿಟ್ಟರು. ಸಭೆಯಲ್ಲಿದ್ದವರು ಮುಖ ಮುಖ ನೋಡಿಕೊಂಡರು. ಬಿಡಿಸಿದ ಶಾಲನ್ನು ಏನು ಮಾಡುವುದೆಂದು ತಿಳಿಯದೆ ಪ್ರಾಂಶುಪಾಲರು ಅದನ್ನು ಕುರ್ಚಿಯ ಬೆನ್ನಿಗೆ ಹೊದಿಸಿದರು.

ಮಾರನೆಯ ದಿನದಿಂದ ಊರಲ್ಲಿ ಅದೇ ಮಾತು. ತರಕಾರಿ ಕೊಳ್ಳಲು ಹೋದರೆ ಅಲ್ಲೂ ಒಬ್ಬರು, "ಏನ್ ಗರ್ವ ಕಣ್ರೀ ಆಯಮ್ಮಂಗೆ! ದೊಡ್ಡೋರು ಕೊಟ್ಟ ಮರ್ಯಾದೆ ಕಾಲಲ್ಲಿ ಒದ್ದಂಗಲ್ವಾ?" ಅಂದರು. ನನಗೆ ಮೈಯೆಲ್ಲ ಉರಿದುಹೋಯಿತು. ನಾನು ಅದೇ ಕಾಲೇಜಿನಲ್ಲಿ ಕನ್ನಡ ಪಾಠ ಮಾಡಿದವಳು, ಮೇಡಮ್ಮಿನ ಪಕ್ಕದ ಕುರ್ಚಿಯಲ್ಲಿ ಕೂತು ವರ್ಷಗಟ್ಟಲೆ ಡಬ್ಬಿ ಹಂಚಿಕೊಂಡು ತಿಂದವಳು. ಬೆಂಡೆಕಾಯಿ ಆರಿಸುವವರು ನನಗೆ ಹೇಳಿಕೊಡಬೇಕೆ ಅವರ ಗರ್ವದ ಕಥೆ? ಅಲ್ಲೇ ನಿಂತು ಜಗಳಕ್ಕೆ ಬೀಳುವುದಿತ್ತು, ನನ್ನ ಬಾಯಿ ನನಗೇ ಗೊತ್ತು. ಬೇಡ, ಬರೆದೇ ಹೇಳೋಣ ಎಂದು ಮನೆಗೆ ಬಂದೆ. ಮೇಡಮ್ಮಿನ ಹೆಸರು ಮಾತ್ರ ಹಾಕುವುದಿಲ್ಲ. ಅವರ ಹೆಸರು ಹಾಕಿ ಜನ ಮಾಡಿದ ಘನಕಾರ್ಯ ಸಾಕು.

ಮೊದಲೇ ಹೇಳಿಬಿಡುತ್ತೇನೆ, ಅವರೇನೂ ಸುಲಭದ ಹೆಂಗಸಲ್ಲ. ನಗು ಕಡಿಮೆ, ಕ್ಲಾಸಿನಲ್ಲಂತೂ ಇಲ್ಲವೇ ಇಲ್ಲ. ಹೊಸ ಮಕ್ಕಳನ್ನು ಲ್ಯಾಬಿನ ಬಾಗಿಲಲ್ಲೇ ನಿಲ್ಲಿಸಿ, "ಇಲ್ಲಿರೋ ಯಾವುದನ್ನೂ ಮೂಸಬೇಡಿ, ನಾಲಿಗೆಗಂತೂ ತಾಗಿಸಲೇಬೇಡಿ. ಆಮೇಲೆ ನಿಮ್ಮ ಅಪ್ಪ ಅಮ್ಮ ಬಂದು ನನ್ನ ಮುಂದೆ ಅಳಬಾರದು" ಅಂತ ಶುರು ಮಾಡುತ್ತಿದ್ದರು. ಚೀಟಿ ಅಂಟಿಸದ ಸೀಸೆ ಕಣ್ಣಿಗೆ ಬಿತ್ತೋ, ಅದನ್ನು ಇಟ್ಟವರಿಗೆ ಮಂಗಳಾರತಿ. ಮನೆಗೆ ಹೋದರೆ ಉಪ್ಪಿನಕಾಯಿ ಜಾಡಿಗೂ ಚೀಟಿ: ಮಾವಿನಕಾಯಿ, ಇಂಥ ತಿಂಗಳು ಹಾಕಿದ್ದು, ಖಾರ ಜಾಸ್ತಿ. ಅವರ ಯಜಮಾನರು ರೈಲ್ವೆಯಲ್ಲಿದ್ದವರು, ತಮಾಷೆಯ ಮನುಷ್ಯ. "ಮನೇಲಿ ಚೀಟಿ ಇಲ್ದೆ ಓಡಾಡೋನು ನಾನೊಬ್ಬನೇ ನೋಡಿ" ಎಂದು ನನ್ನ ಹತ್ತಿರ ಹೇಳುತ್ತಿದ್ದರು.

ಮದುವೆಯಾಗಿ ಅರಸೀಕೆರೆಗೆ ಬರುವ ಮುಂಚೆ ಮೇಡಂ ಬೆಂಗಳೂರಿನ ಒಂದು ಸಂಶೋಧನಾಲಯದಲ್ಲಿ ಕೆಲಸ ಮಾಡಿದ್ದರು. ಬೇಗ ಬೇಗ ಹರಡುವ ಜಾತಿಯ ಕ್ಯಾನ್ಸರ್ ಇರುತ್ತದಲ್ಲ, ಅದರ ಕೋಶಗಳನ್ನು ಪುಟ್ಟ ಪುಟ್ಟ ತಟ್ಟೆಗಳಲ್ಲಿ ಬೆಚ್ಚಗೆ ಸಾಕುವುದು. ಗಿಡಮರಗಳಿಂದ ಬೇರ್ಪಡಿಸಿದ ರಾಸಾಯನಿಕ ಸಂಯುಕ್ತಗಳನ್ನು ಒಂದೊಂದಾಗಿ ಅವಕ್ಕೆ ಹಾಕಿ, ಯಾವುದಕ್ಕೆ ಸಾಯುತ್ತವೆ, ಯಾವುದಕ್ಕೆ ಜಗ್ಗುವುದಿಲ್ಲ ಅಂತ ನೋಡುವುದು. ಅವುಗಳಲ್ಲಿ ಲಕ್ಷ್ಮಣ ಫಲದಿಂದ ತೆಗೆದ ಸಂಯುಕ್ತವೂ ಒಂದು. ಲಕ್ಷ್ಮಣ ಫಲ ನಮ್ಮ ಸೀತಾಫಲದ ದಾಯಾದಿ, ಮೈಮೇಲೆ ಮೆತ್ತನೆ ಮುಳ್ಳು, ಒಳಗೆ ಹುಳಿಸಿಹಿ ತಿರುಳು. ಆ ಸಂಯುಕ್ತಕ್ಕೆ ತಟ್ಟೆಯ ಕೋಶಗಳು ಸತ್ತದ್ದು ನಿಜ. ಅದರ ಬಗ್ಗೆ ಒಂದು ಪ್ರಬಂಧ ಪ್ರಕಟವಾಯಿತು, ಬರೆದವರ ಸಾಲಿನಲ್ಲಿ ಮೇಡಮ್ಮಿನ ಹೆಸರೂ ಇತ್ತು.

"ತಟ್ಟೇಲಿ ಸಾಯೋದೇನು ದೊಡ್ಡ ವಿಷಯ ಅಲ್ಲ ಕಣ್ರೀ," ಅನ್ನುತ್ತಿದ್ದರು ನನ್ನ ಹತ್ತಿರ. "ಫಿನಾಯಿಲ್ ಸುರಿದ್ರೂ ಸಾಯ್ತವೆ. ಕ್ಯಾನ್ಸರನ್ನ ಕೊಲ್ಲೋದು ಸುಲಭ, ಮನುಷ್ಯರನ್ನ ಉಳಿಸ್ಕೊಂಡು ಅದನ್ನ ಕೊಲ್ಲೋದು ಕಷ್ಟ. ನಮ್ಮ ಸಂಯುಕ್ತ ನರದ ಕೋಶಗಳನ್ನೂ ಕೊಂದಿತ್ತು. ಅದನ್ನೂ ಆ ಪ್ರಬಂಧದಲ್ಲೇ ಬರೆದಿದೀವಿ." ಅಲ್ಲಿನ ಸೀಸೆಗಳ ಮೇಲೆಲ್ಲ 'ಪ್ರಯೋಗಕ್ಕೆ ಮಾತ್ರ, ಮನುಷ್ಯರ ಬಳಕೆಗಲ್ಲ' ಎಂದು ದಪ್ಪಕ್ಷರದಲ್ಲಿ ಇರುತ್ತಿತ್ತಂತೆ.

ಅಲ್ಲಿಂದ ಅವರು ಒಂದು ಚಟವನ್ನೂ ತಂದಿದ್ದರು. ಔಷಧಿ ಹಾಕಿದ ತಟ್ಟೆಗಳ ಜೊತೆಗೆ ಏನೂ ಹಾಕದ ಒಂದು ತಟ್ಟೆಯನ್ನು ಇಟ್ಟೇ ಇಡಬೇಕಂತೆ, ಹೋಲಿಸಿ ನೋಡುವುದಕ್ಕೆ. ಅದಿಲ್ಲದಿದ್ದರೆ ಇಡೀ ಪ್ರಯೋಗ ದಂಡ. ಒಂದು ವರ್ಷ ನಮ್ಮ ಪ್ರಾಂಶುಪಾಲರು ಯಾರೋ ಹೇಳಿದರೆಂದು ತಮ್ಮ ಮೇಜನ್ನು ಪೂರ್ವಕ್ಕೆ ತಿರುಗಿಸಿದರು. ಆ ಸಲ ಫಲಿತಾಂಶ ಚೆನ್ನಾಗಿ ಬಂತು. ಸ್ಟಾಫ್ ಮೀಟಿಂಗಿನಲ್ಲಿ ಅವರು ಮೀಸೆ ತಿರುವಿಕೊಂಡು ಹೇಳುತ್ತಿದ್ದರೆ, ಮೇಡಂ ಎದ್ದು ನಿಂತು, "ಮೇಜು ತಿರುಗಿಸದೇ ಇದ್ದಿದ್ರೆ ಎಷ್ಟು ಬರ್ತಿತ್ತು ಸರ್? ಏನೂ ಹಾಕದ ತಟ್ಟೆ ಎಲ್ಲಿ?" ಅಂದರು. ಆ ಮನುಷ್ಯ ತಟ್ಟೆ ಯಾವುದು, ಲೋಟ ಯಾವುದು ಅಂತ ಸುತ್ತಲೂ ನೋಡಿದರು. ನಾನು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ.

ಇಂಥವರಿಗೆ ಸನ್ಮಾನ ಗಂಟುಬಿತ್ತು. ನವೆಂಬರ್ ಬಂತೆಂದರೆ ನಮ್ಮ ಸೀಮೆಯಲ್ಲಿ ಸನ್ಮಾನದ ಸುಗ್ಗಿ. ಯಾರನ್ನಾದರೂ ಹಿಡಿದು ಶಾಲು ಹೊದಿಸದಿದ್ದರೆ ರಾಜ್ಯೋತ್ಸವ ಆದಂತೆಯೇ ಅಲ್ಲ. ಕೆಲವು ವರ್ಷಗಳ ಹಿಂದೆ ಒಂದು ಸಂಘದವರು ಬಂದು, ನಮ್ಮೂರಿನ ವಿಜ್ಞಾನಿಯನ್ನು ಗೌರವಿಸುತ್ತೇವೆ ಎಂದರು. ನಾನು ಈಗ ವಿಜ್ಞಾನಿಯಲ್ಲ, ಪಾಠ ಹೇಳುವವಳು ಎಂದರೂ ಕೇಳಲಿಲ್ಲ. ಕಾಲೇಜಿಗೆ ಹೆಮ್ಮೆ ಎಂದು ಪ್ರಾಂಶುಪಾಲರು ಗಂಟುಬಿದ್ದರು. ವೇದಿಕೆ ಹತ್ತಿದ ಮೇಲೆ ನಿಮ್ಮನ್ನು ಕೇಳುವವರು ಯಾರು? ಒಬ್ಬರು ಶಾಲು ಹೊದಿಸುತ್ತಾರೆ, ಒಬ್ಬರು ಹಾರ ಹಾಕುತ್ತಾರೆ, ಇನ್ನೊಬ್ಬರು ತಲೆಗೆ ಮೈಸೂರು ಪೇಟ ಇಡುತ್ತಾರೆ, ಮತ್ತೊಬ್ಬರು ಹಣ್ಣಿನ ಬುಟ್ಟಿ ಕೈಗೆ ತುರುಕುತ್ತಾರೆ. ಬುಟ್ಟಿ ಕೊಟ್ಟವರು ಬಿಕ್ಕೋಡಿನಾಚೆ ಕಾಫಿ ತೋಟವಿರುವ ಒಬ್ಬ ಸಾಹುಕಾರರು. ಸಮಾರಂಭದ ಖರ್ಚೂ ಅವರದೇ ಎಂದು ಆಮೇಲೆ ತಿಳಿಯಿತು. ಪೇಟ ದೊಡ್ಡದಾಗಿತ್ತು, ಜಾರಿ ಮೇಡಮ್ಮಿನ ಕಣ್ಣು ಮುಚ್ಚಿತು. ಎರಡೂ ಕೈಯಲ್ಲಿ ಬುಟ್ಟಿ, ಸರಿಮಾಡಿಕೊಳ್ಳುವುದು ಹೇಗೆ? ಪಕ್ಕದವರು ಪೇಟ ಎತ್ತಿದಾಗ ಅವರಿಗೆ ನಗು ತಡೆಯಲಾಗಲಿಲ್ಲ. ಫೋಟೋದವನು ಆ ಗಳಿಗೆಯನ್ನೇ ಹಿಡಿದ.

ಬುಟ್ಟಿಯಲ್ಲಿ ಸೇಬು ಮೂಸಂಬಿಯ ಬದಲು ದಪ್ಪನೆಯ ಲಕ್ಷ್ಮಣ ಫಲವಿತ್ತು. ಅದಕ್ಕೆ ಒರಗಿಸಿ ಹಸಿರು ಬಣ್ಣದ ಒಂದು ಪೊಟ್ಟಣ. ಸಾಹುಕಾರರು ಕಾಫಿ ಗಿಡಗಳ ನಡುವೆ ಲಕ್ಷ್ಮಣ ಫಲ ಬೆಳೆಸಿ, ಎಲೆ ಒಣಗಿಸಿ, ಪುಡಿ ಮಾಡಿ, ಕ್ಯಾನ್ಸರಿನ ಕಷಾಯ ಅಂತ ಮಾರುತ್ತಿದ್ದರು. ಮೇಡಂ ಮನೆಗೆ ಬಂದು ಪೊಟ್ಟಣ ಓದಿದವರೇ ಕಸದ ಬುಟ್ಟಿಗೆ ಎಸೆದು, ಸಂಘದವರಿಗೆ ಫೋನ್ ಮಾಡಿ ಬೈದು, ವಿಷಯ ಅಲ್ಲಿಗೆ ಮುಗಿಯಿತು ಅಂದುಕೊಂಡರು.

ಎಲ್ಲಿ ಮುಗಿಯುತ್ತದೆ? ಸಂಕ್ರಾಂತಿ ಕಳೆದ ಮೇಲೆ ನಾನು ಅರೇಹಳ್ಳಿಯ ನೆಂಟರ ಮನೆಯಿಂದ ವಾಪಸ್ಸು ಬರುತ್ತ ಬೇಲೂರಿನಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ತಲೆಯೆತ್ತಿದರೆ ಆಳೆತ್ತರದ ಫ್ಲೆಕ್ಸು! ಅದರಲ್ಲಿ ನಮ್ಮ ಮೇಡಂ, ಪೇಟ ಇಟ್ಟುಕೊಂಡು, ಹಣ್ಣು ಪೊಟ್ಟಣದ ಬುಟ್ಟಿ ಹಿಡಿದುಕೊಂಡು, ಹಲ್ಲು ಕಾಣುವಂತೆ ನಗುತ್ತಿದ್ದಾರೆ. ಕೆಳಗೆ, 'ನಮ್ಮ ನಾಡಿನ ವಿಜ್ಞಾನಿ ಕಂಡುಕೊಂಡ ಸತ್ಯ! ಉಗ್ರ ಕ್ಯಾನ್ಸರಿಗೂ ಲಕ್ಷ್ಮಣ ಫಲ ಕಷಾಯ!' ಅಯ್ಯೋ ನಿಮ್ಮ ಮನೆ ಹಾಳಾಗ ಅಂತ ಬಸ್ ಸ್ಟ್ಯಾಂಡಿನಲ್ಲೇ ಕೂಗಿದೆ. ಅಕ್ಕಪಕ್ಕದವರು ತಿರುಗಿ ನೋಡಿದರು, ನೋಡಲಿ.

ಮನೆಗೆ ಬಂದು ಮೇಡಮ್ಮಿಗೆ ಹೇಳಿದೆ, ಮಾರನೆಯ ದಿನವೇ ನಾವಿಬ್ಬರೂ ಬೇಲೂರಿಗೆ ಹೊರಟೆವು. ಬಸ್ಸು ಬದಲಿಸಲು ಹಳೇಬೀಡಿನಲ್ಲಿ ಇಳಿದರೆ ಅಲ್ಲೂ ಒಂದು ಫ್ಲೆಕ್ಸು. ಅದರ ಕೆಳಗೆ ಎಳನೀರು ಮಾರುತ್ತಿದ್ದವನು ಒಮ್ಮೆ ಫೋಟೋ ನೋಡಿದ, ಒಮ್ಮೆ ಮೇಡಮ್ಮನ್ನು ನೋಡಿದ.

"ಓಹೋ, ನೀವೇ ಅಲ್ವಾ ಡಾಕ್ಟ್ರಮ್ಮ! ನಮ್ ಬಸದಿ ಬೀದೀಲಿ ನಿಮ್ ಸ್ಟೂಡೆಂಟ್ ಒಬ್ಳವ್ಳೆ, ಚಂದನಾ ಅಂತ. ಎದೇಲಿ ಗಂಟು. ಹಾಸನದ ಆಸ್ಪತ್ರೆ ಬಿಟ್ಟಾಕಿ ನಿಮ್ ಕಷಾಯಾನೇ ಕುಡೀತಾವ್ಳೆ. ಹೆಂಗವ್ಳೆ ಅಂತೀರಿ ಈಗ, ಲಕಲಕ ಅಂತಾವ್ಳೆ!"

ಮೇಡಂ ಆ ಬೀದಿಗೆ ದಾರಿ ಕೇಳಿದವರೇ ನಡೆದುಬಿಟ್ಟರು. ಚಂದನಾ ನನಗೂ ನೆನಪಿದ್ದಳು, ಮುಂದಿನ ಬೆಂಚಿನ ಹುಡುಗಿ, ಮೇಡಂ ಬೈದರೆ ಕಣ್ಣಲ್ಲಿ ನೀರು ತುಂಬಿಕೊಂಡು ಮತ್ತೆ ಅವರ ಹಿಂದೆಯೇ ಸುತ್ತುವವಳು. ಹಳೇಬೀಡಿನ ಜೈನರ ಮನೆಗೆ ಸೊಸೆಯಾಗಿ ಬಂದಿದ್ದಳು, ಗಂಡನದು ದಿನಸಿ ಅಂಗಡಿ. ನಾವು ಬಾಗಿಲಲ್ಲಿ ನಿಂತದ್ದೇ ತಡ, ಅವಳ ಅತ್ತೆ ಸಂಭ್ರಮದಿಂದ ಒಳಗೆ ಕರೆದರು. "ನೀವೇ ಬಂದ್ರಲ್ಲಮ್ಮ, ನಮ್ ಪುಣ್ಯ! ಹೊತ್ತು ಮುಳುಗೋಕ್ ಮುಂಚೆ ನಮ್ ಮನೇಲಿ ಊಟ ಆಗ್ಬೇಕು, ಕೂತ್ಕಳಿ, ಎಲೆ ಹಾಕ್ತೀನಿ."

ಚಂದನಾ ಒಳಗಿಂದ ಬಂದು ಮೇಡಮ್ಮಿನ ಕಾಲಿಗೆ ನಮಸ್ಕಾರ ಮಾಡಿದಳು. ನಿಜವಾಗಿಯೂ ಮುಖ ತುಂಬಿಕೊಂಡಿತ್ತು.

"ಹಾಸನದ ಇಂಜೆಕ್ಷನ್ನಿಗೆ ಕೂದ್ಲೆಲ್ಲ ಉದುರೋಗಿತ್ತು, ಅನ್ನ ಸೇರ್ತಿರ್ಲಿಲ್ಲ. ನೋಡಿ ಈಗ, ಕೂದ್ಲು ಬಂದೈತೆ, ಊಟ ಸೇರ್ತೈತೆ. ಎಲ್ಲ ನಿಮ್ ಕಷಾಯದ್ದು," ಎಂದರು ಅತ್ತೆ.

"ಆಸ್ಪತ್ರೆ ಔಷಧಿ ನಿಲ್ಸಿದ್ರಿ, ಅದಕ್ಕೆ ಕೂದಲು ಬಂತು," ಅಂದರು ಮೇಡಂ. "ಕಷಾಯದಿಂದಲ್ಲ. ಗಂಟು ಹೇಗಿದೆ ಚಂದನಾ?"

ಅವಳು ಸೆರಗು ಎದೆಗೆ ಎಳೆದುಕೊಂಡಳು. ಮೇಡಂ ಅವಳನ್ನು ರೂಮಿಗೆ ಕರೆದುಕೊಂಡು ಹೋದರು. ಗಂಟು ನೋಡಿ ಹೊರಗೆ ಬಂದರು. ಆಮೇಲೆ ಶುರುವಾಯಿತು ನೋಡಿ ಬೈಗುಳ. "ಬುದ್ಧಿ ಇದೆಯೇನೇ ನಿನಗೆ? ಲ್ಯಾಬಲ್ಲಿ ಏನು ಹೇಳಿಕೊಟ್ಟಿದ್ದೆ ನಾನು? ಸೀಸೆ ಮೇಲೆ ಏನು ಬರೆದಿದೆ ಓದದೆ ಬಾಯಿಗೆ ಹಾಕ್ಕೋತಾರೇನೇ? ನನಗೊಂದು ಫೋನ್ ಮಾಡಕ್ಕಾಗ್ಲಿಲ್ವಾ? ತಟ್ಟೇಲಿ ನಾಲ್ಕು ಕೋಶ ಸತ್ತಿದ್ದನ್ನ ಔಷಧಿ ಅಂತ ನಾನು ಯಾವತ್ತಾದ್ರೂ ಹೇಳಿದ್ದೆನಾ?" ಬೀದಿಯ ಜನ ಬಾಗಿಲಿಗೆ ಬಂದು ನಿಂತರು.

ಚಂದನಾ ಅಳುತ್ತ ಹೇಳಿದಳು: "ಕ್ಲಾಸಲ್ಲಿ ಒಂದು ದಿನಾನೂ ನಗದೋರು ನೀವು. ಆ ಫೋಟೋದಲ್ಲಿ ಅಷ್ಟು ನಗ್ತಾ ಇದ್ರಿ ಮೇಡಂ. ನಿಜವಾಗ್ಲೂ ಏನೋ ಸಿಕ್ಕಿರಬೇಕು ಅಂದ್ಕೊಂಡೆ."

ಮೇಡಂ ಗೋಡೆಗೆ ಒರಗಿ ನೆಲದ ಮೇಲೆ ಕೂತುಬಿಟ್ಟರು. ಅವರು ಹಾಗೆ ಕೂತದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಅತ್ತೆ ಎಲೆ ಹಾಕಿದರು, ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಸಾರು, ಅನ್ನ. ಮೇಡಂ ಎರಡು ತುತ್ತು ತಿಂದು ಕೈತೊಳೆದು, "ನಾಳೆ ಬೆಳಿಗ್ಗೆ ಹಾಸನಕ್ಕೆ ಹೋಗ್ತಿದೀವಿ. ನಾನೂ ಬರ್ತೀನಿ" ಅಂದರು. ಅತ್ತೆ ಒಪ್ಪಲಿಲ್ಲ. ಗಂಡ ಹುಡುಗ ಅಮ್ಮನ ಮುಖ, ಹೆಂಡತಿಯ ಮುಖ ನೋಡುತ್ತ ನಿಂತಿದ್ದ. ಕೊನೆಗೆ ಚಂದನಾಳೇ, "ಹೋಗ್ತೀನಿ ಅತ್ತೆ, ಮೇಡಂ ಹೇಳ್ತಿದಾರೆ" ಅಂದಳು.

ಹಾಸನದ ಡಾಕ್ಟರು ಪರೀಕ್ಷೆ ಮಾಡಿ ತಲೆ ಅಲ್ಲಾಡಿಸಿದರಂತೆ. ಔಷಧಿ ಬಿಟ್ಟ ತಿಂಗಳುಗಳಲ್ಲಿ ರೋಗ ಶ್ವಾಸಕೋಶಕ್ಕೂ ಹೋಗಿತ್ತು. ಮೊದಲು ಔಷಧಿಗೆ ಗಂಟು ಕರಗುತ್ತಿತ್ತು, ಬಿಡದೆ ಬಂದಿದ್ದರೆ ಭರವಸೆ ಇಟ್ಟುಕೊಳ್ಳಬಹುದಿತ್ತು, ಈಗ ಆದಷ್ಟು ಮಾಡೋಣ ಎಂದರಂತೆ. ಮೇಡಂ ರಜೆ ಹಾಕಿ ಹಾಕಿ ಪ್ರತಿ ಸಲವೂ ಅವಳ ಜೊತೆ ಹೋದರು. ವಾಂತಿ ಬಂದಾಗ ಬಟ್ಟಲು ಹಿಡಿದರು. ಅವಳ ಬಾಯಿಗೆ ರುಚಿಸಲೆಂದು ನಿಂಬೆಹಣ್ಣಿನ ಪಾನಕ ಮಾಡಿಕೊಂಡು ಹೋಗುತ್ತಿದ್ದರು. ಆ ಬಾಟಲಿಗೂ ಚೀಟಿ ಅಂಟಿಸಿದ್ದರು ಎಂದು ಚಂದನಾ ನನ್ನ ಹತ್ತಿರ ಹೇಳಿಕೊಂಡು ನಕ್ಕಿದ್ದಳು.

ಅದೇ ದಿನಗಳಲ್ಲಿ ನಾವು ಬಿಕ್ಕೋಡಿಗೂ ಹೋಗಿದ್ದೆವು. ತೋಟದ ಮನೆಯ ಜಗಲಿಯಲ್ಲಿ ಸಾಹುಕಾರರು ಒಳ್ಳೇ ಕಾಫಿಯನ್ನೇ ಕೊಟ್ಟರು. ಮಾತು ಬೆಣ್ಣೆಯಷ್ಟು ನುಣುಪು. "ಕೋಪ ಮಾಡ್ಕೋಬೇಡಿ ಮೇಡಮ್ಮೋರೆ. ನಿಮ್ಮ ಲ್ಯಾಬಲ್ಲಿ ಕ್ಯಾನ್ಸರ್ ಸತ್ತಿದ್ದು ಸುಳ್ಳಾ?"

"ಸುಳ್ಳಲ್ಲ. ಅದೇ ಸಂಯುಕ್ತಕ್ಕೆ ನರಗಳೂ ಸತ್ತಿದ್ದು ಸುಳ್ಳಲ್ಲ. ಅದನ್ನೂ ಫ್ಲೆಕ್ಸಿಗೆ ಹಾಕಿ."

"ಅದೆಲ್ಲ ಕೆಮಿಕಲ್ಲು. ನಮ್ದು ಬರೀ ಎಲೆ, ಪ್ರಕೃತಿ ಕೊಟ್ಟಿದ್ದು. ಕೆಟ್ಟದ್ದು ಹೆಂಗಾಯ್ತದೆ?"

"ಉಮ್ಮತ್ತಿ ಕಾಯಿ ಯಾರು ಕೊಟ್ಟಿದ್ದು? ತಿಂದು ತೋರಿಸಿ ಒಂದು."

"ನೂರಾರು ಜನ ವಾಸಿಯಾಗವ್ರೆ ಮೇಡಮ್ಮೋರೆ."

"ಎಲ್ಲಿದಾರೆ? ಕರೆಸಿ. ಏನೂ ಕುಡಿಯದೇ ಇದ್ದೋರು ಏನಾದ್ರು, ಲೆಕ್ಕ ಇಟ್ಟಿದೀರಾ? ಸತ್ತೋರು ಬಂದು ನಿಮಗೆ ಹೇಳ್ತಾರಾ?"

ಸಾಹುಕಾರರು ನಕ್ಕು, ಫೋಟೋ ತೆಗೆಯುವಾಗ ನೀವೇನೂ ಬೇಡ ಅನ್ನಲಿಲ್ಲವಲ್ಲ ಎಂದರು. ಆಗ ನನಗೆ ತಡೆಯಲಾಗಲಿಲ್ಲ. "ಮರ್ಯಾದಸ್ಥರು ಕರೆದು ಶಾಲು ಹೊದಿಸಿದ್ರೆ ಬುಟ್ಟೀಲಿ ಹಾವು ಇದೆಯಾ ಅಂತ ನೋಡ್ಕೊಂಡು ತಗೋಬೇಕೇನ್ರೀ? ನಾಚಿಕೆ ಆಗಲ್ವಾ ನಿಮಗೆ?" ಎಂದು ಕೂಗಾಡಿದೆ. ಕಾಫಿ ಅರ್ಧದಲ್ಲೇ ಬಿಟ್ಟು ಎದ್ದು ಬಂದೆವು.

ಅವರಿವರಿಗೆಲ್ಲ ದೂರು ಕೊಟ್ಟದ್ದೂ ಆಯಿತು. ಒಬ್ಬ ಅಧಿಕಾರಿಯಂತೂ ಫೋಟೋವನ್ನು ದಿಟ್ಟಿಸಿ ನೋಡಿ, "ಖುಷಿಯಾಗೇ ಇದೀರಲ್ಲ ಮೇಡಂ, ಬಲವಂತ ಅನ್ಸಲ್ವಲ್ಲ?" ಅಂದ. ಕೊನೆಗೆ ಮೇಡಂ ಅಡುಗೆಮನೆಯ ಚಾಕು ತೆಗೆದುಕೊಂಡು ಹೋಗಿ ಹಾಡುಹಗಲೇ ಹಳೇಬೀಡಿನ ಫ್ಲೆಕ್ಸ್ ಕೊಯ್ದರು. ಎಳನೀರಿನವನೇ ತನ್ನ ಸ್ಟೂಲು ಕೊಟ್ಟು, ಅದು ಅಲ್ಲಾಡದಂತೆ ಹಿಡಿದುಕೊಂಡ. ಬೇಲೂರಿನದನ್ನು ನಾನೂ ಒಂದು ಕಡೆಯಿಂದ ಎಳೆದೆ. ಹದಿನೈದು ದಿನದೊಳಗೆ ಹೊಸದು ಬಂತು.

ಮಳೆಗಾಲ ಮುಗಿಯುವುದರೊಳಗೆ ಚಂದನಾ ತೀರಿಕೊಂಡಳು. ಇನ್ನೂ ಮೂವತ್ತು ದಾಟಿರಲಿಲ್ಲ.

ನನ್ನ ಹೊಟ್ಟೆ ಇವತ್ತಿಗೂ ಉರಿಯುವುದು ಅದರ ಮುಂದಿನದಕ್ಕೆ. ಅವಳ ಸೂತಕ ಕಳೆಯುವ ಮೊದಲೇ ಸಾಹುಕಾರರ ಕಡೆಯವರು ಹಬ್ಬಿಸಿದರು: ಕಷಾಯ ಕುಡಿಯುವಾಗ ಹುಡುಗಿ ಚೆನ್ನಾಗೇ ಇದ್ದಳು, ಅರಸೀಕೆರೆಯ ಮೇಡಂ ಬಂದು ಬಿಡಿಸಿದ್ದಕ್ಕೇ ಹೋದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಹಾಗೆ. ಜನ ನಂಬಿದರು. ಯಾಕೆ ನಂಬುವುದಿಲ್ಲ? ಲಕಲಕ ಅನ್ನುತ್ತಿದ್ದ ಮುಖವನ್ನು ಅವರು ನೋಡಿದ್ದರು. ಒಳಗೆ ಹರಡುತ್ತಿದ್ದುದನ್ನು ಯಾರೂ ನೋಡಿರಲಿಲ್ಲ. ಮೇಡಂ ಸಾವಿಗೆ ಹೋದಾಗ ಅತ್ತೆ ಅವರತ್ತ ತಿರುಗಿಯೂ ನೋಡಲಿಲ್ಲ. ಬರುವಾಗ ಬಸ್ಸಿನಲ್ಲಿ ನಾನು ಸಮಾಧಾನ ಹೇಳಲು ಹೋದರೆ, "ಸುಮ್ನಿರ್ರೀ," ಅಂದರು. "ಅವರ ಸಿಟ್ಟು ಅವರಿಗಿರ್ಲಿ. ಆ ಮಗು ನನ್ನ ಮುಖ ನೋಡಿ ಕುಡೀತು."

ಈಗ ಹೇಳಿ, ಅವರು ಶಾಲು ಹೊದ್ದುಕೊಳ್ಳಬೇಕಿತ್ತೇ? ಗರ್ವವಂತೆ ಗರ್ವ!

ಇಷ್ಟು ಬರೆದಿಟ್ಟು ಮೊನ್ನೆ ಭಾನುವಾರ ಅವರಿಗೆ ಓದಿ ತೋರಿಸಲು ಹೋದೆ. ಮೇಡಂ ನಡುಮನೆಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು. ನಾನೂ ಮೊರದ ಮುಂದೆ ಕೂತು ಮೊದಲ ಪುಟ ಓದುತ್ತಿದ್ದಾಗ, "ಶಾಲಿನ ಕಥೆ ಯಾಕ್ರೀ ಬೇಕಿತ್ತು" ಎಂದು ಗೊಣಗಿದರು. ಆಗ ಮುಂಬಾಗಿಲು ಬಡಿದ ಸದ್ದು. ತೆಗೆದರೆ ಚಂದನಾಳ ಅತ್ತೆ.

ಆಕೆ ಕೂರಲಿಲ್ಲ, ನೀರೂ ಬೇಡವೆಂದರು. ಇಷ್ಟು ವರ್ಷದ ಮೇಲೆ ಜಗಳಕ್ಕೇ ಬಂದರೇನೋ ಅಂದುಕೊಂಡೆ. ಜಗಳಕ್ಕೆ ಬಂದಿದ್ದರೆ ನಾನೂ ತಯಾರಾಗಿಯೇ ಇದ್ದೆ.

"ನನ್ ಮಗ್ಳು, ಬಾಣಾವರಕ್ಕೆ ಕೊಟ್ಟಿರೋಳು," ಎಂದರು ಆಕೆ, ಬಾಗಿಲ ಚೌಕಟ್ಟು ಹಿಡಿದುಕೊಂಡು. "ಅವಳಿಗೂ ಗಂಟು ಕಾಣಿಸ್ಕೊಂಡೈತೆ. ಡಾಕ್ಟ್ರು ಅದೇ ಕಾಯ್ಲೆ ಅಂದವ್ರೆ. ಅವಳ ಗಂಡನ ಮನೇರು ನೆನ್ನೆ ಆ ಪುಡಿ ತಂದು ಒಲೆ ಮೇಲೆ ಇಟ್ಟವ್ರೆ. ನಾನು ಬೇಡ ಅಂದ್ರೆ, ನಿನ್ ಸೊಸೆ ಅದನ್ನ ಬಿಟ್ಟಿದ್ದಕ್ಕೇ ಅಲ್ವಾ ಹೋಗಿದ್ದು ಅಂತಾರೆ."

ಮೇಡಂ ಕೈಯಲ್ಲಿದ್ದ ಕಾಯಿ ಮೊರಕ್ಕೆ ಹಾಕಿ ಎದ್ದರು.

"ಅವತ್ತು ಬಂದು ಬೈದ್ರಲ್ಲ, ಬೀದಿ ಜನವೆಲ್ಲ ಸೇರೋ ಹಂಗೆ," ಅಂದರು ಆಕೆ. "ಹಂಗೇ ಬೈಬೇಕು ನೀವು ಅವಳಿಗೆ. ಅವತ್ತು ತಡವಾಗಿ ಬಂದ್ರಿ. ಇವತ್ತು ಈಗ್ಲೇ ಬನ್ನಿ."

ಮೇಡಂ ಒಳಗೆ ಹೋಗಿ ಸೀರೆಯನ್ನೂ ಬದಲಾಯಿಸಲಿಲ್ಲ. ಅಲ್ಲೇ ಚಪ್ಪಲಿ ಮೆಟ್ಟಿಕೊಂಡು, "ಬಾಣಾವರಕ್ಕೆ ಬಸ್ಸು ಎಷ್ಟು ಹೊತ್ತಿಗಿದೆ ನೋಡ್ರೀ" ಎಂದು ನನಗೆ ಹೇಳಿ, ಆಕೆಯ ಕೈ ಹಿಡಿದುಕೊಂಡು ಮೆಟ್ಟಿಲಿಳಿದರು.